ಹತ್ತು ವರ್ಷದ ಶೇರು, ಒಂದು ಕ್ಷಣದ ಏಟು

ನನ್ನ ಕೈ ಮುಂದು, ಬುದ್ಧಿ ಹಿಂದು. ಇದು ನನ್ನ ತಾಯಿ ನನಗೆ ಕೊಟ್ಟ ಸರ್ಟಿಫಿಕೇಟು. ಅಪ್ಪ ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಹಗಲೆಲ್ಲ ಮಣ್ಣು ತುಳಿದು, ಸಂಜೆ ಮನೆಗೆ ಬಂದು ನಮ್ಮನ್ನು ತುಳಿಯುತ್ತಿದ್ದರು. ಸೌದೆ, ಬೆಲ್ಟು, ತೆಂಗಿನ ಗರಿಯ ದಿಂಡು, ಯಾವುದು ಕೈಗೆ ಸಿಕ್ಕಿತೋ ಅದು. ನಾನು ಹಾಗಾಗಬಾರದು ಎಂದು ಶಿಲುಬೆಯ ಮುಂದೆ ನಿಂತು ಎಷ್ಟು ಸಲ ಮಾತು ಕೊಟ್ಟೆನೋ ನೆನಪಿಲ್ಲ. ಆದರೂ ಹೆಂಡತಿಗೆ ಎರಡು ಸಲ ಹೊಡೆದಿದ್ದೇನೆ. ರಜೆಯಲ್ಲಿ ಊರಿಗೆ ಹೋದಾಗ ಸೊಳ್ಳೆ ಓಡಿಸಲು ಕೈ ಎತ್ತಿದರೂ ಮಗಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅವಳಿಗೆ ನಾನು ಒಂದು ದಿನವೂ ಹೊಡೆದವನಲ್ಲ. ಆ ಎರಡು ಸಲವೂ ಅವಳು ಬಾಗಿಲ ಹತ್ತಿರ ನಿಂತಿದ್ದಳು.

ಸೌದಿಗೆ ಬಂದದ್ದು ಫಿಟ್ಟರ್ ಆಗಿ. ಮೊದಲು ಕುವೈತ್ ಗಡಿಯ ಅಲ್ ಖಫ್ಜಿ. ಅಲ್ಲಿ ಒಬ್ಬ ಫೋರ್ಮನ್ ನನ್ನ ತಾಯಿಯನ್ನು ಎತ್ತಿ ಬೈದ. ಮರುಕ್ಷಣ ಅವನ ಮುಂದಿನ ಹಲ್ಲು ಮರಳಿನಲ್ಲಿತ್ತು. ಅವನೂ ಸುಮ್ಮನಿರುವ ಪೈಕಿಯಲ್ಲ, ಎದ್ದು ಪೈಪಿನ ತುಂಡಿನಿಂದ ನನ್ನ ಎರಡು ಪಕ್ಕೆಲುಬು ಮುರಿದ. ಇಬ್ಬರದೂ ತಪ್ಪೆಂದು ರಾಜಿ ಮಾಡಿಸಿ, ಕಂಪೆನಿ ನನ್ನನ್ನು ಕೆಂಪು ಸಮುದ್ರದ ಬದಿಯ ಯಾನ್ಬುವಿಗೆ ಹಾಕಿತು. ಫೈಲಿನಲ್ಲಿ ಮಾತ್ರ ಒಂದು ಕಾಗದ ಸೇರಿತು. ಇನ್ನೊಮ್ಮೆ ಕೈ ಮಾಡಿದರೆ ಪೊಲೀಸು, ಆಮೇಲೆ ಸೀದಾ ಊರು.

ಯಾನ್ಬುವಿನ ಕ್ಯಾಂಪಿನಲ್ಲಿ ನನ್ನ ರೂಮಿಗೆ ಬಂದವನು ಉಳ್ಳಾಲ ಕಡೆಯ ಬ್ಯಾರಿ ಮುಸಲ್ಮಾನ. ಅವನ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ನಮ್ಮ ನಡುವೆ ಕನ್ನಡ, ಸಿಟ್ಟು ಬಂದರೆ ತುಳು. ಸಿಟ್ಟು ಬರುತ್ತಿದ್ದದ್ದು ನನಗೊಬ್ಬನಿಗೇ. ಅವನು ಒಂದು ತುತ್ತನ್ನು ಮೂವತ್ತು ಸಲ ಅಗಿಯುವ ಮನುಷ್ಯ. ಅವನ ಊಟ ಮುಗಿಯುವಷ್ಟರಲ್ಲಿ ನಾನು ತಟ್ಟೆ ತೊಳೆದು, ಒಂದು ನಿದ್ದೆ ತೆಗೆದು ಏಳುತ್ತಿದ್ದೆ. ಹನ್ನೆರಡು ವರ್ಷ ನಾವು ಒಂದೇ ರೂಮಿನಲ್ಲಿ, ಎದುರು ಬದುರು ಎರಡು ಕಬ್ಬಿಣದ ಮಂಚಗಳಲ್ಲಿ ಮಲಗಿದೆವು.

ನಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ರಿಫೈನರಿಯ ಘಟಕಗಳನ್ನು ಆಗಾಗ ನಿಲ್ಲಿಸಿ ರಿಪೇರಿ ಮಾಡುತ್ತಾರೆ. ಆಗ ಮೂರು ಮಹಡಿ ಎತ್ತರದ ಕಬ್ಬಿಣದ ಗೋಪುರಗಳ ಒಳಗೆ ಮನುಷ್ಯರು ಇಳಿಯಬೇಕು. ಒಳಗೆ ಹೋಗಲು ಇರುವುದು ಒಂದೇ ದುಂಡು ಕಿಂಡಿ, ಹೆಗಲು ಓರೆ ಮಾಡಿದರೆ ಮಾತ್ರ ನುಗ್ಗಬಹುದು. ಒಳಗಿನ ತುಕ್ಕು ಹಿಡಿದ ತಟ್ಟೆಗಳನ್ನು ಸುತ್ತಿಗೆಯಿಂದ ಬಡಿದು ಬಡಿದು ಕೀಳಬೇಕು. ಆ ಸದ್ದು ಕಿವಿಗೆ ಬೀಳುವುದಿಲ್ಲ, ಹಲ್ಲಿಗೆ ಬೀಳುತ್ತದೆ. ಬೆವರು ಬೂಟಿನೊಳಗೆ ಇಳಿದು ಪಚಪಚ ಎನ್ನುತ್ತದೆ. ಒಳಗೆ ಗಾಳಿ ಯಾವಾಗ ಕೆಡುತ್ತದೆ ಎಂದು ಹೇಳಲು ಬರುವುದಿಲ್ಲ. ಅದಕ್ಕೇ ಕಿಂಡಿಯ ಹೊರಗೆ ಒಬ್ಬ ಕಾವಲುಗಾರ ಕೂತಿರುತ್ತಾನೆ. ಹೋಲ್ ವಾಚ್ ಎನ್ನುತ್ತೇವೆ. ಅವನು ಬೇರೆ ಏನನ್ನೂ ಮಾಡುವ ಹಾಗಿಲ್ಲ. ಕೈಯಲ್ಲಿ ಹಾರ್ನು, ಪಕ್ಕದಲ್ಲಿ ನಮ್ಮ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ. ಕೂತು ಕೇಳಬೇಕು, ಅಷ್ಟೇ.

ನನ್ನ ಹೋಲ್ ವಾಚ್ ಅವನೇ. ನನ್ನ ಸುತ್ತಿಗೆಯ ಸದ್ದು ಕೇಳಿಯೇ ನಾನು ಎಷ್ಟನೇ ತಟ್ಟೆಯಲ್ಲಿದ್ದೇನೆ ಎಂದು ಹೇಳುತ್ತಿದ್ದ. ಒಂದು ಬೇಸಿಗೆಯಲ್ಲಿ ಪಕ್ಕದ ಪೈಪಿನ ವಾಲ್ವು ಸೋರಿ, ಗೋಪುರದೊಳಗೆ ನೈಟ್ರೋಜನ್ ತುಂಬತೊಡಗಿತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನನಗೆ ಗೊತ್ತೇ ಆಗಲಿಲ್ಲ. ಎರಡು ಏಟಿನ ನಡುವಿನ ಅಂತರ ಜಾಸ್ತಿಯಾದದ್ದನ್ನು ಹೊರಗೆ ಕೂತ ಅವನು ಗುರುತಿಸಿದ. ಹಾರ್ನು ಊದಿ, ನಾಲ್ವರನ್ನು ಕೂಗಿ, ಹಗ್ಗ ಎಳೆದ. ನನ್ನ ಗಲ್ಲ ಕಿಂಡಿಯ ಅಂಚಿಗೆ ಬಡಿದು ಮೂಳೆ ಕಾಣುವಷ್ಟು ಸೀಳಿತು. ಎಚ್ಚರವಾದಾಗ ನಾನು ಅವನಿಗೆ ಹೇಳಿದ ಮೊದಲ ಮಾತು, "ನಿನ್ನ ಕೈಗೆ ಬೆಂಕಿ ಬೀಳ, ಮೆಲ್ಲ ಎಳೆಯಲಿಕ್ಕೆ ಆಗ್ಲಿಲ್ವಾ?" ಅವನು ನಗುತ್ತಾ ಅತ್ತ. ಆ ಗಾಯದ ಗುರುತು ಈಗಲೂ ಇದೆ, ಅಲ್ಲಿ ಗಡ್ಡ ಹುಟ್ಟುವುದಿಲ್ಲ.

ಶೇರಿನ ಕತೆ ಶುರುವಾದದ್ದು ಅದೇ ವರ್ಷ. ಅವನ ಹೆಂಡತಿಯ ತಮ್ಮ, ನಮ್ಮಿಬ್ಬರ ಬಾಯಲ್ಲೂ ಭಾವ, ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದ. ಅದಿರಿನ ಗಣಿಯೊಂದರಲ್ಲಿ ಮನೆಯಷ್ಟು ದೊಡ್ಡ ಲಾರಿ ಓಡಿಸುತ್ತಿದ್ದ. ಆ ಗಣಿಯ ಕಂಪೆನಿಯ ಶೇರು ಅಲ್ಲಿನ ಮಾರುಕಟ್ಟೆಯಲ್ಲಿತ್ತು. ನನ್ನ ರೂಮ್‌ಮೇಟ್ ಬ್ಯಾಂಕಿನ ಶೇರು ಮುಟ್ಟುವವನಲ್ಲ, ಬಡ್ಡಿಯ ವ್ಯವಹಾರ ಅವನಿಗೆ ಹರಾಮು. "ಇದಾದ್ರೆ ಮಣ್ಣು ಅಗೆಯುವುದು, ಮಾರುವುದು. ನನ್ನ ಭಾವನೇ ಹೊರ್ತಾನೆ. ಇದರಲ್ಲಿ ಎಂತ ಮೋಸ?" ಎಂದ. ಅವನು ತನ್ನ ಉಳಿತಾಯದಲ್ಲಿ ಸಾವಿರ ಶೇರು ತೆಗೆದ. ನಾನು ಮಗಳ ಓದಿಗೆಂದು ಇಟ್ಟಿದ್ದರಲ್ಲಿ ಅರ್ಧ ಹಾಕಿ ಅವನಷ್ಟೇ ತೆಗೆದೆ. ಎರಡೂ ಭಾವನ ಹೆಸರಿನಲ್ಲೇ, ಭಾವನ ಖಾತೆಯಲ್ಲೇ. ಉಳಿದರ್ಧವನ್ನು ನನ್ನ ಫೋನಿನ ಆ್ಯಪಿಗೆ ಹಾಕಿ, ಅದೇ ಮಾರುಕಟ್ಟೆಯಲ್ಲಿ ಇವತ್ತು ಕೊಂಡು ನಾಳೆ ಮಾರುವ ಆಟಕ್ಕೆ ನಾನು ಇಳಿದೆ.

ನಮ್ಮಂಥವರಿಗೆ ಸಲ್ಲುವ ಆಟ ಅದೇ ಎಂದು ನನಗೆ ಅನಿಸಿತ್ತು. ಇಲ್ಲಿ ನಮ್ಮ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಒಂದು ವರ್ಷದ್ದು. ಕಂಪೆನಿಗೆ ಬೇಕೆನಿಸಿದರೆ ಮತ್ತೊಂದು ವರ್ಷ, ಬೇಡವಾದರೆ ಟಿಕೆಟು. ಮುಂದಿನ ರಂಜಾನಿಗೆ ಇಲ್ಲಿ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವನು ಹತ್ತು ವರ್ಷದ ಶೇರು ಹಿಡಿದು ಕೂರುವುದೆಂದರೆ ಬಾಡಿಗೆ ಮನೆಯ ಅಂಗಳದಲ್ಲಿ ತೆಂಗು ನೆಟ್ಟ ಹಾಗೆ. ಹೀಗೆಂದು ನಾನು ತಮಾಷೆ ಮಾಡಿದರೆ ಅವನು, "ನೆಟ್ಟದ್ದನ್ನು ನೀನು ದಿನಾ ಎಳೆದು ನೋಡ್ತಿ, ಬೇರು ಬಿಟ್ಟಿದಾ ಅಂತ. ಅದು ಎಲ್ಲಿ ಬದುಕ್ತದೆ ಮಾರಾಯ?" ಎನ್ನುತ್ತಿದ್ದ.

ಇಕಾಮಾ ನವೀಕರಣವಾದ ವಾರದ ಶುಕ್ರವಾರ ನಮ್ಮಿಬ್ಬರದು ಒಂದು ಪದ್ಧತಿ ಇತ್ತು. ಅವನು ಜುಮ್ಮಾ ನಮಾಜು ಮುಗಿಸಿ ಬಂದ ಮೇಲೆ ಸಮುದ್ರದ ದಂಡೆಗೆ ಹೋಗಿ, ಚಹಾ ಕುಡಿಯುತ್ತಾ ಇಬ್ಬರ ಲಾಭ ಹೋಲಿಸುವುದು. ಸೋತವನು ಆ ಸಂಜೆ ಮೀನು ಸುಡಬೇಕು. ಮೊದಲ ವರ್ಷ ನನ್ನ ಹಣ ದುಪ್ಪಟ್ಟಾಗಿತ್ತು. ಲಿಥಿಯಂ ಹುಡುಕುವ ಯಾವುದೋ ಸಣ್ಣ ಕಂಪೆನಿ ಮೂರು ವಾರದಲ್ಲಿ ಆಕಾಶಕ್ಕೆ ಹೋಗಿತ್ತು. ಅವನ ಗಣಿಯ ಶೇರು ಕೊಂಡ ಬೆಲೆಗಿಂತ ಕೆಳಗಿತ್ತು. ನಾನು ಅವನ ಬೆನ್ನಿಗೆ ಗುದ್ದಿ ಗುದ್ದಿ ನಕ್ಕೆ. ಅವನು ಹೊಗೆಯಲ್ಲಿ ಕಣ್ಣುಜ್ಜುತ್ತಾ ಮೀನು ತಿರುಗಿಸಿದ. ಎರಡನೇ ವರ್ಷವೂ ನಾನೇ. ಮೂರನೇ ವರ್ಷದಿಂದ ನನ್ನ ಮಾತು ಕಡಿಮೆಯಾಯಿತು. ಬೆಳಿಗ್ಗೆ ಕ್ಯಾಂಪಿನ ಬಸ್ಸು ಹತ್ತುವ ಹೊತ್ತಿಗೆ ಅಲ್ಲಿ ಅರ್ಧ ದಿನದ ವ್ಯಾಪಾರ ಮುಗಿದಿರುತ್ತಿತ್ತು. ಪರದೆ ಕೆಂಪಾಗಿದ್ದರೆ ಆ ದಿನ ನನ್ನ ಸುತ್ತಿಗೆಯ ಏಟು ಕೇಳಲಾಗದ ಹಾಗಿರುತ್ತಿತ್ತು. ಹೊರಗಿನಿಂದ ಅವನು ಕೂಗುತ್ತಿದ್ದ, "ಇವತ್ತೆಷ್ಟು ಹೋಯ್ತು?"

ಸೋತರೂ ನಾನು ಸೋಲು ಒಪ್ಪುತ್ತಿರಲಿಲ್ಲ. ಫೋನಿನಲ್ಲಿ ಗಣಿಯ ಶೇರಿನ ಗೆರೆ ತೋರಿಸಿ, "ನಿನ್ನದೂ ಇದ್ದಲ್ಲೇ ಉಂಟಲ್ಲ, ಎಂತ ದೊಡ್ಡ ಲಾಭ?" ಎನ್ನುತ್ತಿದ್ದೆ.

"ಆಡು ಸಾಕಿದವ ಆಡಿನ ತೂಕ ಮಾತ್ರ ನೋಡಿದ್ರೆ ಆಯ್ತಾ? ಮರಿ ಎಷ್ಟಾಯ್ತು ಅಂತ ಎಣಿಸ್ಬೇಡ್ವಾ?" ಎನ್ನುತ್ತಿದ್ದ ಅವನು.

ಮರಿ ಎಂದರೆ ಡಿವಿಡೆಂಡು, ಕಂಪೆನಿ ಲಾಭದಲ್ಲಿ ಹಂಚುವ ಪಾಲು. ಆಸ್ಟ್ರೇಲಿಯಾದ ದೊಡ್ಡ ಕಂಪೆನಿಗಳು ಅದನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಕೊಡುತ್ತವೆ. ನಮ್ಮದನ್ನು ಕೈಗೆ ಪಡೆಯದೆ, ಅದೇ ದುಡ್ಡಿಗೆ ಮತ್ತೆ ಅದೇ ಕಂಪೆನಿಯ ಶೇರು ಕೊಳ್ಳುವಂತೆ ಭಾವ ಬರೆದುಕೊಟ್ಟಿದ್ದ. ಶುರುವಿನಲ್ಲೇ ಅವನು ಫೋನಿನಲ್ಲಿ ಇದನ್ನು ವಿವರಿಸಿದ್ದ. ನಾನು ಹ್ಞೂಂ ಹ್ಞೂಂ ಎಂದಿದ್ದೆ, ಕಣ್ಣು ಲಿಥಿಯಂ ಮೇಲಿತ್ತು. ಹತ್ತು ವರ್ಷದಲ್ಲಿ ಒಂದು ಸಲವೂ ನಾನು ಆ ಲೆಕ್ಕದ ಕಾಗದ ಕೇಳಲಿಲ್ಲ. ಆರು ತಿಂಗಳಿಗೊಮ್ಮೆ ಬರುವುದರ ಮೇಲೆ ನನಗೆ ಗೌರವವೇ ಇರಲಿಲ್ಲ.

ಹತ್ತನೇ ವರ್ಷ ಮಗಳಿಗೆ ಮಂಗಳೂರಿನಲ್ಲಿ ಫಿಸಿಯೋಥೆರಪಿ ಸೀಟು ಸಿಕ್ಕಿತು. ಎರಡು ವಾರದೊಳಗೆ ಫೀಸು ಕಟ್ಟಬೇಕು, ಇಲ್ಲವಾದರೆ ಸೀಟು ಹೋಗುತ್ತದೆ. ನನ್ನ ಆ್ಯಪಿನಲ್ಲಿ ಆಗ ಉಳಿದಿದ್ದದ್ದು ಹಾಕಿದ್ದರ ಕಾಲು ಭಾಗ. ಅದನ್ನೂ ಒಂದೇ ಚಿನ್ನದ ಗಣಿಯ ಶೇರಿಗೆ ಸುರಿದೆ, ಒಂದು ವಾರದಲ್ಲಿ ಮೂರು ಪಟ್ಟು ಮಾಡಿ ತೋರಿಸುತ್ತೇನೆ ಎಂಬ ಹಟದಲ್ಲಿ. ಬುಧವಾರ ಆ ಕಂಪೆನಿಯ ವ್ಯಾಪಾರವನ್ನೇ ಮಾರುಕಟ್ಟೆ ನಿಲ್ಲಿಸಿತು. ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಗಣಿಯಲ್ಲಿ ಚಿನ್ನವೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಆ ರಾತ್ರಿಯೇ ಮೆಸ್ಸಿನಲ್ಲಿ ಸಾಲು ತಪ್ಪಿಸಿದ ಒಬ್ಬನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. ನನ್ನ ರೂಮ್‌ಮೇಟೇ ಬಂದು ಬೆರಳು ಬಿಡಿಸಿದ.

ಗುರುವಾರ ಇನ್ನೊಂದು ಸಂಗತಿ ನಡೆಯಿತು. ನಾನು ಸ್ನಾನ ಮುಗಿಸಿ ಬರುವಾಗ ಅವನು ರೂಮಿನಲ್ಲಿ ಭಾವನ ಜತೆ ಫೋನಿನಲ್ಲಿದ್ದ. ಬ್ಯಾರಿ ನನಗೆ ಮಾತಾಡಲು ಬರದಿದ್ದರೂ ಚೆನ್ನಾಗಿಯೇ ಅರ್ಥವಾಗುತ್ತದೆ. ಈ ಸಲದ ಡಿವಿಡೆಂಡಿನಲ್ಲೂ ಎಂದಿನಂತೆ ಒಂದು ಪಾಲು ತೆಗೆದಿಡು, ಇವನಿಗೆ ಗೊತ್ತಾಗುವುದು ಬೇಡ, ಎಂದು ಅವನು ಹೇಳುತ್ತಿದ್ದ. ನಾನು ಬಾಗಿಲಲ್ಲೇ ನಿಂತೆ. ಏನೂ ಕೇಳದವನ ಹಾಗೆ ಒಳಗೆ ಹೋಗಿ ಟವೆಲು ಒಣಹಾಕಿದೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಬೆಳಗಾಗುವುದರೊಳಗೆ ಆ ಒಂದು ಪಾಲು ನನ್ನ ತಲೆಯಲ್ಲಿ ಬೆಳೆದು ಬೆಳೆದು ನನ್ನ ಇಡೀ ಹಣವನ್ನೇ ನುಂಗಿತ್ತು.

ಶುಕ್ರವಾರ ಬೆಳಿಗ್ಗೆ ರಜೆ. ಅವನು ನಮಾಜಿಗೆಂದು ಬಿಳಿ ಜುಬ್ಬಾ ಇಸ್ತ್ರಿ ಮಾಡಿ ತೊಟ್ಟಿದ್ದ, ಕಿವಿಯ ಹಿಂದೆ ಅತ್ತರು ಹಚ್ಚುತ್ತಿದ್ದ. ನಾನು ಮಂಚದ ಮೇಲೆ ಕೂತು ಅವನ ಗಣಿಯ ಶೇರು ತೆಗೆದು ನೋಡಿದೆ. ಆ ಒಂದೇ ದಿನದಲ್ಲಿ ಧೊಪ್ಪನೆ ಬಿದ್ದಿತ್ತು. ಹತ್ತು ವರ್ಷದ ಗೆರೆ ಎಳೆದು ನೋಡಿದೆ. ನೂರಕ್ಕೆ ಕೊಂಡದ್ದು ತೊಂಬತ್ತರಲ್ಲಿತ್ತು.

"ನನ್ನ ಶೇರು ಇವತ್ತೇ ಮಾರಿಸು," ಎಂದೆ.

"ಇವತ್ತು ಆಗುದಿಲ್ಲ ಮಾರಾಯ, ಅಲ್ಲಿ ಮಾರ್ಕೆಟ್ ಮುಚ್ಚಿ ಆಯ್ತು. ಸೋಮವಾರ ಮಾರುವ."

"ಹೇಗೆ ಬಿದ್ದಿದೆ ನೋಡು."

"ಅದು ಬಿದ್ದದ್ದಲ್ಲ. ಡಿವಿಡೆಂಡಿನ ಲೆಕ್ಕ ಹಿಡಿದು ಆಯ್ತು, ಇನ್ನು ಕೊಳ್ಳುವವನಿಗೆ ಆ ಪಾಲು ಸಿಗುದಿಲ್ಲ. ಅದಕ್ಕೆ ಅಷ್ಟು ಇಳಿದದ್ದು. ಪ್ರತಿ ಸಲ ಹಾಗೆಯೇ. ಮರಿ ಹಾಕಿದ ದಿನ ಆಡಿನ ಹೊಟ್ಟೆ ಇಳಿಯುದಿಲ್ವಾ?" ಎಂದು ನಕ್ಕ.

ಆ ನಗು ನನಗೆ ಸಹಿಸಲಾಗಲಿಲ್ಲ.

"ಮರಿಯನ್ನೆಲ್ಲ ನೀನೂ ನಿನ್ನ ಭಾವನೂ ತಿಂದದ್ದಲ್ವಾ? ನಿನ್ನೆ ಕೇಳಿದ್ದೇನೆ ನಾನು. ಪಾಲು ತೆಗೆದಿಡು, ಇವನಿಗೆ ಹೇಳ್ಬೇಡ. ಹತ್ತು ವರ್ಷದಿಂದ ತಿಂತಿದ್ದೀರಲ್ಲ, ಬೇವರ್ಸಿಗಳೇ!"

ಅವನ ಮುಖ ಬಿಳುಚಿತು. "ಅದು ಬೇರೆ," ಎಂದ. ಮುಂದೆ ಏನೋ ಹೇಳಹೊರಟು, ತಡೆದು, "ಅದು ನಿನ್ನದರಲ್ಲಿ ಅಲ್ಲ," ಎಂದಷ್ಟೇ ಹೇಳಿದ. ಆ ತಡೆದದ್ದು ಸಾಕಾಯಿತು ನನಗೆ.

ಬಲಗೈ ಬೀಸಿ ಹೊಡೆದೆ. ಅಂಗೈ ಅವನ ಎಡಗಿವಿಯ ಮೇಲೆ ಇಡಿಯಾಗಿ ಕೂತಿತು. ಅತ್ತರಿನ ಸೀಸೆ ಗೋಡೆಗೆ ಹಾರಿ ಒಡೆಯಿತು. ಅವನು ತೂರಾಡಿ ಎದ್ದು ನಿಲ್ಲುವಷ್ಟರಲ್ಲಿ ಎದೆಗೆ ಒದ್ದೆ. ಹಿಂದಕ್ಕೆ ಬಿದ್ದವನ ತಲೆಯ ಎಡಬದಿ ಮಂಚದ ಕಬ್ಬಿಣಕ್ಕೆ ಬಡಿಯಿತು. ನಾನು ಆ ಸದ್ದು ಕೇಳಿದೆ, ಕೇಳಿಯೂ ನಿಲ್ಲಿಸಲಿಲ್ಲ. ಅವನ ಎದೆಯ ಮೇಲೆ ಕೂತು ಇನ್ನೆರಡು ಗುದ್ದಿದೆ. ಸುಖವಾಯಿತು ಎಂದರೆ ಅಸಹ್ಯವಾಗಬಹುದು, ಆದರೆ ನಿಜ ಹೇಳುತ್ತೇನೆ, ಸುಖವಾಯಿತು. ಬುಧವಾರದಿಂದ ಎದೆಯಲ್ಲಿ ಕಟ್ಟಿಕೊಂಡದ್ದೆಲ್ಲ ತೋಳಿನಿಂದ ಇಳಿದು ಹೋದ ಹಾಗಾಯಿತು. ಅವನು ಒಂದು ಸಲವೂ ಕೈ ಎತ್ತಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಕಿವಿಯಿಂದ ರಕ್ತ ಹರಿದು ಬಿಳಿ ಜುಬ್ಬಾದ ಕಾಲರಿಗೆ ಇಳಿಯುವುದನ್ನು ನೋಡಿದೆ. ಆಗಲೇ ನನ್ನ ಕೈ ನಿಂತದ್ದು.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ದಾರಿಯಲ್ಲಿ ಅವನು ಎರಡು ಸಲ ವಾಂತಿ ಮಾಡಿದ. ಕಿವಿಯ ಪರದೆ ಮಾತ್ರ ಹರಿದಿದ್ದರೆ ಕೂಡಿಕೊಳ್ಳುತ್ತಿತ್ತು, ತಲೆ ಬಡಿದು ಒಳಗಿನ ನರಕ್ಕೇ ಪೆಟ್ಟಾಗಿದೆ ಎಂದರು ಡಾಕ್ಟರು. ಹೊಡೆದಾಟವಾದರೆ ಪೊಲೀಸರಿಗೆ ತಿಳಿಸಬೇಕು, ಯಾರು ಹೊಡೆದದ್ದು ಎಂದು ಅರಬಿಯಲ್ಲಿ ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಗೆಣ್ಣುಗಳಲ್ಲಿ ಅವನ ರಕ್ತ ಒಣಗಿತ್ತು. ಅವನು ನನ್ನ ಕಡೆ ನೋಡದೆ, "ಹಮ್ಮಾಮ್‌ನಲ್ಲಿ ಜಾರಿ ಬಿದ್ದೆ," ಎಂದ. ಡಾಕ್ಟರು ನನ್ನ ಕೈ ನೋಡಿದರು, ಅವನನ್ನು ನೋಡಿದರು, ಹಾಗೆಯೇ ಬರೆದುಕೊಂಡರು. ನಿಜ ಹೇಳಲು ನಾನು ಬಾಯಿ ಬಿಡಲಿಲ್ಲ. ಫೈಲಿನ ಕಾಗದ ಕಣ್ಣ ಮುಂದಿತ್ತು.

ರೂಮಿಗೆ ಬಂದ ಮೇಲೆ ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ನಿನ್ನನ್ನು ಊರಿಗೆ ಕಳ್ಸಿದ್ರೆ ನಿನ್ನ ಮಗಳ ಫೀಸು ಯಾರು ಕಟ್ಟುವುದು? ಒಂದು ವರ್ಷದ್ದು ಅಲ್ವಲ್ಲ ಅದು," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಸೋಮವಾರ ಭಾವ ನನ್ನ ಪಾಲು ಮಾರಿದ. ಹಣದ ಜತೆಗೆ ಹತ್ತು ವರ್ಷದ ಲೆಕ್ಕದ ಕಾಗದವನ್ನೂ ಫೋನಿಗೆ ಕಳುಹಿಸಿದ. ಸಾವಿರ ಇದ್ದ ನನ್ನ ಶೇರು ಸಾವಿರದ ಏಳುನೂರು ದಾಟಿತ್ತು. ಮರಿಗಳು ಮರಿ ಹಾಕಿದ್ದವು. ಬೆಲೆ ತೊಂಬತ್ತಕ್ಕೆ ಇಳಿದಿದ್ದರೂ ನೂರು ಹಾಕಿದ್ದು ನೂರಾ ಐವತ್ತಕ್ಕಿಂತ ಮೇಲಾಗಿತ್ತು. ಕ್ಷಣಕ್ಷಣವೂ ಕಾದು ಕೂತ ನನ್ನ ಆ್ಯಪಿನಲ್ಲಿ ಅದೇ ನೂರು ಸೊನ್ನೆಗೆ ಬಂದಿತ್ತು. ಕಾಗದದ ಕೆಳಗೆ ಅವನ ಲೆಕ್ಕವೂ ಇತ್ತು. ಒಂದೇ ದಿನ, ಒಂದೇ ಬೆಲೆಗೆ, ಅಷ್ಟೇ ಕೊಂಡವನ ಶೇರು ನನ್ನದಕ್ಕಿಂತ ಕಡಿಮೆಯಿತ್ತು. ನಾನು ಪರ್ತ್‌ಗೆ ಫೋನು ಮಾಡಿ ಯಾಕೆ ಎಂದು ಕೇಳಿದೆ.

"ಅವರದ್ದರಲ್ಲಿ ಪ್ರತಿ ಸಲ ಒಂದು ಪಾಲು ದಾನಕ್ಕೆ ಹೋಗ್ತದೆ," ಎಂದ ಭಾವ. "ಕಂಪೆನಿ ಅಂದ ಮೇಲೆ ಎಲ್ಲಿಯಾದ್ರೂ ಸ್ವಲ್ಪ ಬಡ್ಡಿಯ ಹಣ ಬಂದು ಸೇರಿಯೇ ಇರ್ತದಲ್ವಾ? ಅಷ್ಟನ್ನು ತೆಗೆದು ಕೊಟ್ರೆ ಉಳಿದದ್ದು ಶುದ್ಧ ಅಂತ ನಮ್ಮಲ್ಲಿ. ನಿಮಗೆ ಹೇಳ್ಬೇಡ ಅಂದಿದ್ರು. ಕೊಟ್ಟದ್ದನ್ನು ಹೇಳಿಕೊಳ್ಳಬಾರದಲ್ಲ."

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಚಿಕ್ಕಂದಿನಿಂದ ನಾನೂ ಇಗರ್ಜಿಯಲ್ಲಿ ಮೊಣಕಾಲೂರಿ ಕೇಳಿದವನೇ. ಹನ್ನೆರಡು ವರ್ಷ ಎದುರು ಮಂಚದಲ್ಲಿ ಮಲಗಿದವನ ಬಾಯಲ್ಲಿ ಅದೇ ಮಾತು ಬಂದಾಗ ನನಗೆ ಕಳ್ಳತನ ಕೇಳಿಸಿತು. ಫೋನು ಇಟ್ಟು ಹಮ್ಮಾಮ್‌ಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ನನ್ನ ಬಲಗೈಯನ್ನು ಗೋಡೆಗೆ ಬಡಿದುಕೊಂಡೆ. ಒಂದು ಗೆಣ್ಣು ಮುರಿಯಿತು. ಅದು ನೇರವಾಗಿ ಕೂಡಲಿಲ್ಲ, ಈಗಲೂ ಸ್ಪ್ಯಾನರ್ ಹಿಡಿದರೆ ನೋಯುತ್ತದೆ.

ಮಗಳ ಫೀಸು ಕಟ್ಟಿಯಾಯಿತು. ಎರಡು ತಿಂಗಳಾದ ಮೇಲೆ ನಮ್ಮಿಬ್ಬರ ಇಕಾಮಾ ನವೀಕರಣದ ಹೊತ್ತು ಬಂತು. ಸದ್ದಿನಲ್ಲಿ ಕೆಲಸ ಮಾಡುವ ನಮಗೆಲ್ಲ ಕಂಪೆನಿ ಅದಕ್ಕೆ ಮೊದಲು ಕಿವಿಯ ಪರೀಕ್ಷೆ ಮಾಡಿಸುತ್ತದೆ. ಗಾಜಿನ ಕಿಟಕಿಯ ಸಣ್ಣ ಕೋಣೆ, ತಲೆಗೆ ಹೆಡ್‌ಫೋನು, ಕೈಯಲ್ಲಿ ಒಂದು ಬಟನ್ನು. ಸದ್ದು ಕೇಳಿಸಿದಾಗೆಲ್ಲ ಒತ್ತಬೇಕು. ನಾನು ಹೊರಗೆ ಕೂತು ಗಾಜಿನಲ್ಲಿ ಅವನನ್ನು ನೋಡುತ್ತಿದ್ದೆ. ಬಲಗಿವಿಗೆ ಅವನ ಹೆಬ್ಬೆರಳು ಟಕಟಕ ಒತ್ತಿತು. ಎಡಗಿವಿಯ ಸರದಿ ಬಂದಾಗ ಹೆಬ್ಬೆರಳು ನಿಂತಿತು. ಒತ್ತು, ಸುಮ್ಮನೆ ಒತ್ತು ಎಂದು ನಾನು ಹೊರಗಿನಿಂದ ಕೈಸನ್ನೆ ಮಾಡಿದೆ. ಅವನು ನೋಡಿದ. ಒತ್ತಲಿಲ್ಲ.

ಹೊರಗೆ ಬಂದವನ ಮೇಲೆ ರೇಗಿದೆ. "ನಾಲ್ಕು ಸಲ ಅಂದಾಜಿಗೆ ಒತ್ತಿದ್ರೆ ಎಂತ ಹೋಗ್ತಿತ್ತು ನಿನಗೆ?"

"ಒಳಗೆ ಇಳಿದವ ಹೋಗ್ತಿದ್ದ," ಎಂದ. "ಒಂದು ಕಿವಿಯಲ್ಲಿ ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗುದಿಲ್ಲ. ಆ ಒಳಗಿನವ ನೀನೇ ಆಗಿದ್ರೆ?"

ಅವನು ಅನ್‌ಫಿಟ್ ಆದ. ಸ್ಟೋರಿನಲ್ಲೋ ಆಫೀಸಿನಲ್ಲೋ ಹಾಕಿ ಎಂದು ಮೇಲಿನವರನ್ನು ಕೇಳಿದೆ. ಆ ಕೆಲಸಗಳೆಲ್ಲ ಈಗ ಸೌದಿಗಳಿಗೆ ಮೀಸಲು ಎಂದರು. ಅವನಿಗೆ ನಲವತ್ತೊಂಬತ್ತು ವರ್ಷ. ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ನನ್ನ ಇಕಾಮಾ ಒಂದು ವರ್ಷ ಮುಂದಕ್ಕೆ ಹೋಯಿತು, ಅವನಿಗೆ ಎಕ್ಸಿಟ್ ಸ್ಟಾಂಪು ಬಿತ್ತು. ಆಗಲಾದರೂ ಮ್ಯಾನೇಜರನ ಬಾಗಿಲು ತಟ್ಟಿ, ಹೊಡೆದವನು ನಾನು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಇಬ್ಬರೂ ಊರಿಗೆ ಹೋದರೆ ಯಾರಿಗೆ ಲಾಭ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆದರಿಕೆ ಎಂಬ ಪದ ಬಾಯಿಗೆ ಬರಲಿಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಕಡೆ ಹೇಳುತ್ತಾರೆ. ಆ ಶುಕ್ರವಾರದಿಂದ ನಾನು ಅವನ ಎಡಗಡೆಯಲ್ಲೇ ಓಡಾಡಿದೆ. ಮೆಸ್ಸಿನಲ್ಲಿ ಅವನ ಎಡಕ್ಕೆ ಕೂರುತ್ತಿದ್ದೆ, ನಡೆಯುವಾಗ ಎಡಕ್ಕೆ ಸರಿಯುತ್ತಿದ್ದೆ. ಯಾರೂ ಇಲ್ಲದಾಗ ಆ ಸತ್ತ ಕಿವಿಗೆ ಮೆಲ್ಲಗೆ, "ತಪ್ಪಾಯ್ತು, ಕ್ಷಮಿಸು," ಎನ್ನುತ್ತಿದ್ದೆ. ಅವನಿಗೆ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ ದಿನಕ್ಕೆ ಹತ್ತು ಸಲ ಹೇಳಿದೆ. ಹೇಳಿದ ಹಾಗೂ ಆಯಿತು, ಅವನ ಉತ್ತರ ಕೇಳುವ ಕಷ್ಟವೂ ತಪ್ಪಿತು.

ಜಿದ್ದಾ ವಿಮಾನ ನಿಲ್ದಾಣಕ್ಕೆ ಅವನನ್ನು ನಾನೇ ಬಿಟ್ಟೆ. ಯಾನ್ಬುವಿನಿಂದ ಮೂರು ಗಂಟೆಗೂ ಮೀರಿದ ದಾರಿ. ಇಲ್ಲಿ ಸ್ಟೀರಿಂಗು ಎಡಕ್ಕೆ, ಪಕ್ಕದಲ್ಲಿ ಕೂತವನ ಎಡಗಿವಿಯೇ ನನ್ನ ಕಡೆಗೆ. ಮರಳುಗಾಳಿ ಕಾರನ್ನು ಅಡ್ಡಡ್ಡ ನೂಕುತ್ತಿತ್ತು, ಗಾಜಿಗೆ ಮರಳು ಚರಚರ ಹೊಡೆಯುತ್ತಿತ್ತು. ಅವನು ಬಲಕ್ಕೆ ತಿರುಗಿ ಸಮುದ್ರದ ಕಡೆ ನೋಡುತ್ತಾ ಕೂತಿದ್ದ. ಆ ಮೂರು ಗಂಟೆ ನಾನು ಎಲ್ಲವನ್ನೂ ಹೇಳಿದೆ. ಅಪ್ಪನ ಬೆಲ್ಟು ಹೇಳಿದೆ, ಹೆಂಡತಿಯ ಕೆನ್ನೆ ಹೇಳಿದೆ, ಅವನ ಎದೆಯ ಮೇಲೆ ಕೂತಾಗ ಸುಖವಾದದ್ದನ್ನೂ ಹೇಳಿದೆ. ಅವನು ಒಮ್ಮೆಯೂ ತಿರುಗಲಿಲ್ಲ.

ನಿಲ್ದಾಣದ ಹೊರಗೆ ಪೆಟ್ಟಿಗೆಗಳನ್ನು ಟ್ರಾಲಿಗೆ ಏರಿಸಿದೆವು. ಶೇರಿನ ಮಾತು ಬಂತು. ಮಾರುವುದಿಲ್ಲ, ಹಿರಿಯವಳ ಮದುವೆಗೆ ಬೇಕಾದರೆ ಸ್ವಲ್ಪ ಮಾತ್ರ ತೆಗೆಯುತ್ತೇನೆ ಎಂದ. ಆಮೇಲೆ ಟ್ರಾಲಿಯನ್ನು ಸುತ್ತಿ ಬಂದು, ಬಲಗಿವಿ ನನ್ನ ಕಡೆ ಬರುವ ಹಾಗೆ ನಿಂತ.

"ದಾರಿಯುದ್ದಕ್ಕೂ ಗಾಜಿನಲ್ಲಿ ನಿನ್ನ ಬಾಯಿ ಅಲ್ಲಾಡುದು ಕಾಣ್ತಿತ್ತು," ಎಂದ. "ಮೆಸ್ಸಿನಲ್ಲಿಯೂ ಹಾಗೆಯೇ. ಎರಡು ತಿಂಗಳ ಮೇಲಾಯ್ತು. ಎಂತ ಹೇಳ್ಲಿಕ್ಕುಂಟೋ ಅದನ್ನು ಈ ಕಿವಿಗೆ ಹೇಳು."

ಸುತ್ತ ಜನ, ಟ್ಯಾಕ್ಸಿಯವರ ಕೂಗು, ಯಲ್ಲಾ ಯಲ್ಲಾ ಎಂದು ಗಾಡಿ ಸರಿಸಲು ಹೇಳುವ ಪೊಲೀಸು. ಅವನು ಕಾದ. ಕಾಯುವುದು ಅವನಿಗೆ ಹೊಸದಲ್ಲ. ಮೂರು ಗಂಟೆಯ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ನಾನು ಹೊಡೆದೆ," ಎಂದೆ. "ನಿನ್ನ ಕೆಲಸ ತಿಂದೆ. ತಪ್ಪಾಯ್ತು."

ಅವನ ಕೈ ಮೇಲೆದ್ದಿತು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿದೆ. ಐವತ್ತೆರಡು ವರ್ಷದ ಗಂಡಸು, ನಡುಬೀದಿಯಲ್ಲಿ, ಹೆಗಲು ಕುಗ್ಗಿಸಿ, ಮಗಳು ಮುಚ್ಚಿಕೊಳ್ಳುವ ಹಾಗೆಯೇ. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಅವನು ಟ್ರಾಲಿಯ ಮೇಲೆ ಜಾರುತ್ತಿದ್ದ ಚೀಲವನ್ನು ಎತ್ತಿ ಸರಿಯಾಗಿ ಇಡುತ್ತಿದ್ದ. ಅದಕ್ಕೇ ಕೈ ಎತ್ತಿದ್ದು.

"ಕೇಳಿಸ್ತು," ಎಂದ. ಟ್ರಾಲಿ ತಳ್ಳಿಕೊಂಡು ಒಳಗೆ ಹೋದ.